ಎರಡು ಒಲೆಯ ಅವಿಭಕ್ತ ಕುಟುಂಬ

ನಮ್ಮ ಮನೆಯ ಮಾಡಿನ ಮೇಲೆ ಎರಡು ಕಡೆ ಹೊಗೆ ಏಳುತ್ತಿತ್ತು ಅಂತ ಬರೆದರೆ ತಪ್ಪಾದೀತು, ಯಾಕೆಂದರೆ ಆ ಹೊತ್ತಿಗೆ ನಮ್ಮ ಮನೆಗೆ ಗ್ಯಾಸ್ ಬಂದಿತ್ತು, ಗ್ಯಾಸ್ ಬಂದ ಮನೆಯ ಮಾಡಿನ ಎರಡು ತುದಿಯಿಂದ ಹೊಗೆ ಏಳುವುದು ಹೇಗೆ? ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಅದೇ. ಹಳೆಯ ಹೆಂಚಿನ ಮನೆ, ಬೀದಿ ಕಡೆಯ ತುದಿಯಲ್ಲಿ ಅವ್ವನ ಒಲೆಯ ಹೊಗೆ, ಹಿತ್ತಲ ತುದಿಯಲ್ಲಿ ಚಿಕ್ಕಮ್ಮನ ಒಲೆಯ ಹೊಗೆ, ಎರಡೂ ಹುಣಸೆಮರದ ನೆತ್ತಿಯ ಹತ್ತಿರ ಒಂದಾಗಿ ಬಿಡದಿಯ ಕಾರ್ಖಾನೆಗಳ ಕಡೆಗೆ ಹೋಗುವುದು. ಹುಣಸೆಮರದ ಹತ್ತಿರ ಒಂದಾಗುವ ಭಾಗವನ್ನು ನಾನೇ ಆಮೇಲೆ ಹೊಲಿದಿರಬೇಕು. ನೆನಪು ಇಷ್ಟು ಅಂದವಾಗಿದ್ದರೆ ನನಗೆ ಅನುಮಾನ ಬರುತ್ತದೆ. ಗ್ಯಾಸ್ ಇದ್ದದ್ದು ಕಾಫಿಗೆ, ಹಾಲು ಕಾಯಿಸಲಿಕ್ಕೆ. ಮುದ್ದೆಗೂ ಸಾರಿಗೂ ಸೌದೆಯೇ ಆಗಬೇಕಿತ್ತು. ಹಾಗಾಗಿ ಹೊಗೆ ಇದ್ದಿರಬಹುದು. ಒಲೆಗಳು ಎರಡಿದ್ದವು ಅನ್ನುವುದಂತೂ ನಿಜ, ಅದಕ್ಕೆ ಸಾಕ್ಷಿ ನನ್ನ ಕಣ್ಣಲ್ಲ, ಇಡೀ ಊರು.

ನಮ್ಮ ಕಡೆ ಭಾಗ ಆಯಿತು ಅನ್ನಲು ಕಾಗದ ಬೇಕಿಲ್ಲ. ಒಲೆ ಬೇರೆ ಆಯಿತು ಅಂದರೆ ಸಾಕು. ಪಹಣಿಯಲ್ಲಿ ತಾತನ ಹೆಸರೇ ಇರಬಹುದು, ಹೊಲದ ಬದು ಒಂದು ಗೇಣೂ ಕದಲದೆ ಇರಬಹುದು. ಓರಗಿತ್ತಿಯರು ಬೇರೆ ಬೇರೆ ಒಲೆ ಹೂಡಿದರೆ ಅಣ್ಣತಮ್ಮಂದಿರು ಬೇರೆಯಾದರು ಅಂತ ಲೆಕ್ಕ. ನಮ್ಮ ಮನೆಯಲ್ಲಿ ಅಣ್ಣ ಅಂದರೆ ಅಪ್ಪ. ಕಾರ್ಖಾನೆಯ ಕ್ಯಾಂಟೀನಿಗೆ ತರಕಾರಿ ಹಾಕುತ್ತಿದ್ದ. ತಮ್ಮ ಅಂದರೆ ಚಿಕ್ಕಪ್ಪ, ಮಸ್ಕತ್ತಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಅವನ ಹೆಂಡತಿ, ನನ್ನ ಚಿಕ್ಕಮ್ಮ, ಮಾಗಡಿ ಕಡೆಯ ಗುಡೇಮಾರನಹಳ್ಳಿಯವಳು. ಮಕ್ಕಳಾಗಿರಲಿಲ್ಲ.

ಒಲೆ ಬೇರೆಯಾದದ್ದು ಒಂದು ಮಾತಿಗೆ. ಹಬ್ಬವೋ, ಯಾರದೋ ಮನೆಯ ಗೃಹಪ್ರವೇಶದ ಮರುದಿನವೋ, ನೆಂಟರು ತುಂಬಿದ್ದರು. ಚಿಕ್ಕಮ್ಮ ಎಸರಿಗೆ ಹಿಟ್ಟು ಕಮ್ಮಿ ಹಾಕಿ ಮುದ್ದೆ ಸಾಲದೆ ಬಂತು. ಅವ್ವ ಚನ್ನಪಟ್ಟಣದ ಕಡೆಯವಳು, ಅವಳ ನಾಲಿಗೆಗೆ ಅವಳ ತವರಿನವರೇ ಹೆದರುತ್ತಿದ್ದರು. ನೆಂಟರ ಎದುರಿಗೇ, ಮಕ್ಕಳಿಲ್ಲದೋಳಿಗೆ ಹಿಟ್ಟಿನ ಅಳತೆ ಹೆಂಗೆ ಗೊತ್ತಾದಾತು ಅಂದಳಂತೆ. ಚಿಕ್ಕಮ್ಮ ಬೆಳಗಾಗುತ್ತಲೇ ಮಂಕರಿ ಹೊತ್ತು ಹೋಗಿ ಹುತ್ತದ ಮಣ್ಣು ತಂದಳು, ಹಿತ್ತಲ ಚಪ್ಪರದಡಿ ಕಲಸಿ, ತುಳಿದು, ತನ್ನ ಕೈಯಾರೆ ಒಲೆ ಹಾಕಿದಳು. ಆ ಒಲೆಯ ತುಟಿ ಒಂದು ಕಡೆ ಒಸಿ ಸೊಟ್ಟಗಿತ್ತು. ವಾರಕ್ಕೊಮ್ಮೆ ಸಾರಿಸಿ, ಅದರ ಮೇಲೆ ಸಣ್ಣ ರಂಗೋಲಿ ಎಳೆ ಬಿಡುತ್ತಿದ್ದಳು. ಆ ಮನೆಯಲ್ಲಿ ಅವಳದು ಅಂತ ಅವಳು ಹೇಳಿಕೊಳ್ಳಬಹುದಾಗಿದ್ದದ್ದು ಅದೊಂದೇ. ಗಂಡ ಸಮುದ್ರದ ಆಚೆ, ಹೊಲ ತಾತನ ಹೆಸರಿನಲ್ಲಿ.

ಇಷ್ಟರ ಮಧ್ಯೆ ಕೈಗಾರಿಕಾ ಪ್ರದೇಶ ನಮ್ಮ ಹೊಲದ ಕಡೆಗೆ ನಡೆದುಕೊಂಡು ಬಂತು. ನಡೆದುಕೊಂಡು ಅಂತಲೇ ನನಗೆ ನೆನಪು. ಒಂದು ಬೇಸಿಗೆ ದೂರದಲ್ಲಿ ಕಾಂಪೌಂಡು, ಮುಂದಿನ ಬೇಸಿಗೆ ಒಸಿ ಹತ್ತಿರ, ಆಮೇಲೆ ಒಂದು ಸಂಜೆ ರಾಗಿ ಹೊಲದ ಅಂಚಿನಲ್ಲಿ ಹಳದಿ ದೀಪಗಳ ಸಾಲು. ಹಸುಗಳು ಆ ಬೆಳಕನ್ನು ನೋಡುತ್ತಾ ಮೆಲುಕು ಹಾಕುವುದನ್ನೇ ಮರೆತು ನಿಲ್ಲುತ್ತಿದ್ದವು. ರಸ್ತೆಗೆ ತಾಗಿದ್ದ ತುಂಡು ಹೊಲದಲ್ಲಿ ಅಪ್ಪ ಮತ್ತು ಚಿಕ್ಕಪ್ಪ ಸೇರಿ ಸಾಲು ರೂಮು ಕಟ್ಟಿಸಿದರು. ಮೊದಮೊದಲು ಒಬ್ಬೊಬ್ಬ ಕಾರ್ಮಿಕ ಒಂದೊಂದು ರೂಮು ಹಿಡಿಯುತ್ತಿದ್ದ, ಬಾಡಿಗೆ ಕೈಗೆ ಬರುತ್ತಿತ್ತು, ಅವ್ವ ಸಕ್ಕರೆ ಡಬ್ಬಿಯ ಹಿಂದೆ ಇಡುತ್ತಿದ್ದಳು. ಆಮೇಲೆ ಒಂದು ಕಂಪನಿ ತನ್ನ ಟ್ರೈನಿ ಹುಡುಗರಿಗೆಂದು ಇಡೀ ಸಾಲನ್ನೇ ಬಾಡಿಗೆಗೆ ಕೇಳಿತು. ಚೆಕ್ಕಿನಲ್ಲಿ ಕೊಡುತ್ತೇವೆ, ತೆರಿಗೆ ಮುರಿದುಕೊಂಡೇ ಕೊಡುತ್ತೇವೆ, ಯಾರ ಹೆಸರಿಗೆ ಬರೆಯೋಣ ಅಂದರು. ಅಪ್ಪ, ನಮ್ಮ ಮನೆ ಹೆಸರಿಗೆ ಬರ್ಕಳಿ ಅಂದ. ಬಂದಿದ್ದವನು ನಕ್ಕು, ಒಬ್ಬ ಆಡಿಟರನ್ನು ನೋಡಿ ಬನ್ನಿ ಅಂತ ಹೇಳಿ ಹೋದ.

ಆಡಿಟರ ಆಫೀಸು ರಾಮನಗರದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಕಡೆಯ ಒಂದು ಮಹಡಿಯ ಮೇಲೆ. ಕಿಟಕಿ ತೆಗೆದರೆ ಗೂಡಿನ ವಾಸನೆ, ಮುಚ್ಚಿದರೆ ಕಡತದ ವಾಸನೆ. ನಾನು ಆಗ ಅಲ್ಲೇ ಡಿಗ್ರಿ ಓದುತ್ತಿದ್ದೆ, ಕಾಲೇಜಿನಿಂದ ನೇರ ಬಂದು ಅಪ್ಪನ ಪಕ್ಕ ಕೂತೆ. ಆಡಿಟರು ತಾಳ್ಮೆಯ ಮನುಷ್ಯ. ಸಂಪಾದನೆಯಲ್ಲಿ ಮೊದಲಿನ ಒಂದಿಷ್ಟಕ್ಕೆ ತೆರಿಗೆಯಿಲ್ಲ, ಅದರ ಮೇಲಿನದಕ್ಕೆ ನೂರಕ್ಕೆ ಹತ್ತು, ಇನ್ನೂ ಮೇಲಿನದಕ್ಕೆ ಇಪ್ಪತ್ತು, ಅದಕ್ಕೂ ಮೇಲೆ ಮೂವತ್ತು, ಹತ್ತುತ್ತಾ ಹೋದ ಹಾಗೆ ಮೆಟ್ಟಿಲು ಎತ್ತರ ಆಗುತ್ತದೆ ಅಂತ ವಿವರಿಸಿದರು. ಹೆಂಗಸರಿಗೆ ತೆರಿಗೆಯಿಲ್ಲದ ಮೊದಲ ಪಾಲು ಒಸಿ ದೊಡ್ಡದು, ವಯಸ್ಸಾದವರಿಗೆ ಇನ್ನೂ ದೊಡ್ಡದು. ಆದರೆ ಆ ಹೆಚ್ಚಿನ ಪಾಲು ಇಲ್ಲೇ ವಾಸ ಇರುವವರಿಗೆ ಮಾತ್ರ, ದೇಶ ಬಿಟ್ಟು ಹೊರಗಿರುವವರಿಗೆ ಇಲ್ಲ.

ಹೆಂಡತಿ ಮಕ್ಕಳನ್ನು ಸಾಕುವವನಿಗೂ ಒಂಟಿಗೂ ಒಂದೇನಾ ಅಂತ ಅಪ್ಪ ಕೇಳಿದ. ಒಂದೇ, ಮದುವೆ ಆಯಿತೋ ಇಲ್ಲವೋ ಈ ಮೆಟ್ಟಿಲಿಗೆ ಗೊತ್ತಾಗುವುದಿಲ್ಲ ಅಂದರು. ಅಪ್ಪನಿಗೆ ಅದು ಸರಿ ಕಾಣಲಿಲ್ಲ. ಹಾಗಾದರೆ ರೂಮುಗಳಲ್ಲಿ ಅರ್ಧ ತಮ್ಮನ ಹೆಂಡತಿಯ ಹೆಸರಿಗೆ ಮಾಡಿಬಿಟ್ಟರೆ ಹೇಗೆ ಅಂದ. ಗಂಡ ಹೆಂಡತಿಗೆ ಸುಮ್ಮನೆ ಕೊಟ್ಟದ್ದರ ಆದಾಯ ಮತ್ತೆ ಗಂಡನ ಲೆಕ್ಕಕ್ಕೇ ಬರುತ್ತದೆ, ಕೊಟ್ಟೂ ಕೊಡದ ಹಾಗೆ ಅಂತ ಆಡಿಟರು ತಲೆಯಾಡಿಸಿದರು. ಆಮೇಲೆ ಮುಂದಕ್ಕೆ ಬಾಗಿ, ಜಮೀನು ತಾತನದು, ಭಾಗ ಆಗಿಲ್ಲ ಅಂದರೆ ಒಂದು ದಾರಿ ಇದೆ ಅಂದರು. ಹಿಂದೂ ಅವಿಭಕ್ತ ಕುಟುಂಬ. ಕಾನೂನಿನ ಕಣ್ಣಿಗೆ ಅದು ಬೇರೆಯೇ ಒಬ್ಬ ಮನುಷ್ಯ. ಬಾಡಿಗೆಯನ್ನು ಅಪ್ಪನ ತರಕಾರಿ ವ್ಯಾಪಾರದ ಮೇಲೆ ಪೇರಿಸಿದರೆ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ. ಈ ಮನುಷ್ಯನ ತಲೆಗೆ ಹಾಕಿದರೆ ಕೆಳಗಿನ ಮೆಟ್ಟಿಲಿನಿಂದ ಹೊಸದಾಗಿ ಶುರು. ಅವನಿಗೆ ಅವನದೇ ಪ್ಯಾನ್ ಕಾರ್ಡು.

"ಆಯಪ್ಪ ಹೆಂಗ್ಸಾ ಗಂಡ್ಸಾ ಸಾ?" ಅಂತ ಅಪ್ಪ ಕೇಳಿದ. ತಮಾಷೆಗಲ್ಲ.

"ಎರಡೂ ಅಲ್ಲ ಯಜಮಾನ್ರೆ. ವಯಸ್ಸೂ ಆಗಲ್ಲ ಅವನಿಗೆ."

"ಮತ್ತೆ ಸಾಯಾಕಿಲ್ವಾ?"

"ಭಾಗ ಆದ ದಿನ ಸಾಯ್ತಾನೆ."

ನಾನೂ ಆ ಮನುಷ್ಯನ ಒಂದು ತುಣುಕು ಅಂತ ಆಡಿಟರು ನನ್ನ ಕಡೆ ನೋಡಿ ಹೇಳಿದರು. ನಮ್ಮ ರಾಜ್ಯದಲ್ಲಿ ಮದುವೆಯಾಗದ ಹೆಣ್ಣುಮಗಳಿಗೂ ಅದರಲ್ಲಿ ಪಾಲಿದೆಯಂತೆ. ನನಗೆ ಆಗ ಆದದ್ದು ಸಂತೋಷವಲ್ಲ, ಒಂಥರಾ ತೂಕಡಿಕೆ. ಕಿಟಕಿಯಾಚೆ ಯಾರೋ ಗೂಡಿನ ಮೂಟೆ ಇಳಿಸುತ್ತಿದ್ದರು. ಮುಖವಿಲ್ಲದ ಒಬ್ಬನು ನಮ್ಮ ಬಸ್ಸಿನಲ್ಲೇ, ನಮ್ಮ ಸೀಟಿನ ಹಿಂದೆಯೇ ಕೂತು ಊರಿಗೆ ಬರುತ್ತಿದ್ದಾನೆ, ಅವನ ಒಂದು ಕೈಬೆರಳು ನಾನು ಅನ್ನಿಸಿತ್ತು. ಅವತ್ತೇ ಅನ್ನಿಸಿತೋ, ಆಮೇಲೆ ಬಂದ ಕಾರ್ಡಿನಲ್ಲಿ ಫೋಟೋ ಇರಬೇಕಾದ ಜಾಗ ಖಾಲಿಯಿದ್ದದ್ದನ್ನು ನೋಡಿ ಅನ್ನಿಸಿತೋ, ಅದನ್ನು ಬಿಡಿಸಲಾರೆ.

ಅಪ್ಪ ಬಿಡದಿಯಲ್ಲಿ ಬಸ್ಸು ಇಳಿಯುವ ಹೊತ್ತಿಗೆ, ಒಲೆ ಎರಡಾಗವೆಯಲ್ಲ, ಭಾಗ ಆದಂಗೇ ಅಲ್ವಾ ಅಂದ. ಆಡಿಟರು ಕೇಳಿದ್ದು ಆಸ್ತಿಯ ಮಾತು, ಒಲೆಯ ಮಾತಲ್ಲ ಅಂತ ನಾನು ಹೇಳಿದೆ. ಹೇಳಿದೆ ಅಂತ ನೆನಪು. ಅಪ್ಪ ಒಪ್ಪಲಿಲ್ಲ. ಸ್ವಲ್ಪ ಹಿಂದೆ ರೇಷನ್ ಕಾರ್ಡಿನವರು ತಪಾಸಣೆಗೆ ಬಂದಿದ್ದರು. ಒಳಗೆ ಬಗ್ಗಿ ನೋಡಿ, ಒಲೆ ಎಷ್ಟು ಅಂತ ಎಣಿಸಿ, ಎರಡಿವೆ ಅಂತ ಬರೆದುಕೊಂಡೇ ಚಿಕ್ಕಮ್ಮನಿಗೆ ಬೇರೆ ಕಾರ್ಡು ಮಾಡಿಸಿಕೊಟ್ಟಿದ್ದರು.

"ಅಕ್ಕಿ ಸೀಮೆಣ್ಣೆ ಕೊಡೋನೇ ಒಲೆ ಎಣಿಸ್ಕಂಡು ಹೋದ. ದುಡ್ಡು ಕಿತ್ಕಳೋನು ಎಣಿಸ್ದೆ ಬುಟ್ಟಾನಾ?" ಅಂದ ಅಪ್ಪ.

ಈಗಲೂ ಆ ಮಾತಿನಲ್ಲಿ ತಪ್ಪು ಎಲ್ಲಿದೆ ಅಂತ ತೋರಿಸುವುದು ಸುಲಭವಲ್ಲ. ಸರ್ಕಾರ ಅಂದರೆ ನಮಗೆ ಒಂದೇ. ಅದು ಒಂದು ಬಾಗಿಲಲ್ಲಿ ಒಲೆ ನೋಡಿದರೆ ಎಲ್ಲ ಬಾಗಿಲಲ್ಲೂ ನೋಡುತ್ತದೆ.

ಭಾನುವಾರ ಮಸ್ಕತ್ತಿನಿಂದ ಫೋನು ಬಂತು. ಚಿಕ್ಕಪ್ಪ ಗೌರಿ ಹಬ್ಬಕ್ಕೆ ಬರುವುದಿತ್ತು, ಈ ಸಲ ಉದ್ದದ ರಜೆ, ಮುಂದಿನ ಬೇಸಿಗೆಯವರೆಗೂ ಇರುತ್ತೇನೆ ಅಂದಿದ್ದ. ಚಿಕ್ಕಮ್ಮ ಅದಕ್ಕೇ ಅಂತ ಹಿತ್ತಲ ಗೋಡೆಗೆ ಸುಣ್ಣ ಹೊಡೆಸಿದ್ದಳು. ಅಪ್ಪ ಆಡಿಟರ ಹತ್ತಿರ ಅದನ್ನೂ ಕೇಳಿಕೊಂಡು ಬಂದಿದ್ದ. ಮಾರ್ಚಿಗೆ ಮುಗಿಯುವ ವರ್ಷದಲ್ಲಿ ಅರ್ಧ ವರ್ಷಕ್ಕಿಂತ ಹೆಚ್ಚು ಊರಲ್ಲಿದ್ದರೆ ಚಿಕ್ಕಪ್ಪ ಇಲ್ಲಿನ ನಿವಾಸಿಯಾಗಿಬಿಡುತ್ತಾನೆ, ಆಗ ಆ ವರ್ಷ ಅಲ್ಲಿ ದುಡಿದದ್ದಕ್ಕೂ ಇಲ್ಲಿಯ ಮೆಟ್ಟಿಲು ಹತ್ತಬೇಕು. ಕಮ್ಮಿ ಇದ್ದರೆ ಅನಿವಾಸಿ, ಆ ದುಡ್ಡಿನ ಲೆಕ್ಕ ಇಲ್ಲಿ ಯಾರಿಗೂ ಬೇಡ. ದೀಪಾವಳಿ ಕಳೆದ ಮೇಲೆ ಬಂದರೆ ಕ್ಷೇಮ. ಇದನ್ನೆಲ್ಲ ಅಪ್ಪ ಫೋನಿನಲ್ಲಿ ಜೋರಾಗಿ, ಸಮುದ್ರ ದಾಟಬೇಕಾದ ಗಂಟಲಿನಲ್ಲಿ ಹೇಳಿದ. ಚಿಕ್ಕಪ್ಪ ಸರಿ ಅಂದ. ಒಲೆಯ ವಿಷಯಕ್ಕೂ ಸರಿ ಅಂದ. ಅವನು ಎಲ್ಲದಕ್ಕೂ ಸರಿ ಅನ್ನುವವನು, ಕ್ರೇನಿನ ಮೇಲೆ ಒಬ್ಬನೇ ಕೂತು ಕೂತು ಅಭ್ಯಾಸ ಆಗಿತ್ತೋ ಏನೋ.

ಚಿಕ್ಕಮ್ಮ ನಡುಮನೆಯ ಕಂಬ ಹಿಡಿದು ನಿಂತು ಕೇಳಿಸಿಕೊಳ್ಳುತ್ತಿದ್ದಳು. ಫೋನು ಇಟ್ಟ ಮೇಲೆ ಅಪ್ಪ ಅವಳ ಕಡೆ ತಿರುಗದೆ, ನಾಳೆಯಿಂದ ಒಟ್ಟಿಗೇ ಅಟ್ಟು ಉಂಡುಬಿಡೋಣ ಕಣವ್ವ, ತೆರಿಗೆ ಸಾಯೇಬರು ಬಂದು ನೋಡಿ ಹೋಗೋ ಗಂಟ ಅಂದ.

"ಗಂಡ ಮನೇಲಿರಬಾರದು, ಒಲೆ ಬೇರೆ ಇರಬಾರದು," ಅಂದಳು ಚಿಕ್ಕಮ್ಮ. "ಇದ್ಯಾವ ಸೀಮೆ ಸಂಸಾರ ಬಾವ?"

ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಒಲೆ ಸೇರಿದ ಬೆಳಿಗ್ಗೆಯ ಬಗ್ಗೆ ನನ್ನ ಹತ್ತಿರ ಎರಡು ನೆನಪುಗಳಿವೆ, ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಒಂದರಲ್ಲಿ ಚಿಕ್ಕಮ್ಮ ತನ್ನ ಒಲೆಗೆ ನೀರು ಸುರಿಯುತ್ತಾಳೆ, ಬೂದಿ ಬುಸ್ಸನೆ ಏಳುತ್ತದೆ, ತಪ್ಪಲೆ ಹಿಡಿದು ಮಂಜಿನೊಳಗೆ ನಡೆದ ಹಾಗೆ ಅವ್ವನ ಅಡುಗೆಮನೆಗೆ ಬರುತ್ತಾಳೆ. ಇನ್ನೊಂದರಲ್ಲಿ ಅವಳು ಒಲೆ ಮುಟ್ಟುವುದೇ ಇಲ್ಲ. ಅದು ತಾನಾಗಿ ಆರಲಿ ಅಂತ ಬಿಟ್ಟು ಬರುತ್ತಾಳೆ, ಮಧ್ಯಾಹ್ನದವರೆಗೂ ಹಿತ್ತಲಲ್ಲಿ ತೆಳ್ಳಗೆ ಹೊಗೆ. ಮೊದಲನೆಯದು ಚೆನ್ನಾಗಿದೆ, ಹಾಗಾಗಿ ಎರಡನೆಯದನ್ನು ನಂಬುತ್ತೇನೆ.

ಆಮೇಲಿನ ತಿಂಗಳುಗಳು ಕಾಯುವ ತಿಂಗಳುಗಳು. ಇಬ್ಬರು ಹೆಂಗಸರು ಒಂದು ಒಲೆಯ ಎರಡು ಕಡೆ ಕೂತು ಬರುವವನಿಗಾಗಿ ಕಾಯುತ್ತಿದ್ದರು. ಒಬ್ಬಳು ತೆಂಗಿನಕಾಯಿ ರುಬ್ಬಿ ಹಾಕಬೇಕು ಅನ್ನುವವಳು, ಒಬ್ಬಳು ಅವರೆಕಾಳಿನ ಸಾರಿಗೆ ಕಾಯಿ ಹಾಕುವುದು ಮಹಾಪಾಪ ಅನ್ನುವವಳು. ಮಾಗಡಿ ಕಡೇರು ಕಾಳು ನೋಡಿದ್ರೆ ಸಾಕು ದೇವರು ಬಂದಂಗೆ ಆಡ್ತೀರಿ ಅಂತ ಅವ್ವ ಕೆಣಕುವಳು. ದೇವರು ಬಂದ್ರೂ ನೀವು ಕಾಯಿ ಒಡೆದು ಅವರನ್ನೇ ರುಬ್ಬಿ ಹಾಕ್ತೀರಿ ಕಣಕ್ಕ ಅಂತ ಚಿಕ್ಕಮ್ಮ ಬಗ್ಗಿ ಊದುಗೊಳವೆ ಊದುವಳು. ನಗು ಬಂದರೂ ಇಬ್ಬರೂ ನಗುತ್ತಿರಲಿಲ್ಲ. ರಸ್ತೆಯಲ್ಲಿ ಜೀಪಿನ ಸದ್ದಾದರೆ ಮಾತು ನಿಲ್ಲುತ್ತಿತ್ತು. ಅವ್ವ ತಕ್ಷಣ ಚಿಕ್ಕಮ್ಮನ ತಟ್ಟೆಯನ್ನು ನಮ್ಮ ತಟ್ಟೆಗಳ ಸಾಲಿಗೆ ಎಳೆದು ಇಡುವಳು, ಅದು ಅಲ್ಲೇ ಇದ್ದರೂ ಇನ್ನೂ ಒಸಿ ಹತ್ತಿರಕ್ಕೆ. ಜೀಪು ಕಾರ್ಖಾನೆಯ ಕಡೆ ಹೋಗಿಬಿಡುತ್ತಿತ್ತು. ಯಾರೂ ಬರುತ್ತಿರಲಿಲ್ಲ. ತಟ್ಟೆ ಎಳೆದಲ್ಲೇ ಇರುತ್ತಿತ್ತು.

ಊಟಕ್ಕೆ ಕೂತಾಗ ನನಗೆ ಆ ಇನ್ನೊಬ್ಬ ಮನುಷ್ಯ ಕಾಣುತ್ತಿದ್ದ. ಗೋಡೆಗೆ ಒರಗಿ ಕೂತಿದ್ದಾನೆ, ಹಸಿವಿಲ್ಲ, ವಯಸ್ಸಿಲ್ಲ, ನಮ್ಮೆಲ್ಲರ ಕೈಗಳನ್ನು ಎರವಲು ತಂದಿದ್ದಾನೆ, ಚಿಕ್ಕಪ್ಪನ ಕಣ್ಣು ಅವನಲ್ಲಿ ಮಸ್ಕತ್ತಿನ ಬಿಸಿಲಿಗೆ ಕಿರಿದಾಗಿದೆ. ಅವನು ಬದುಕಿರಬೇಕು ಅಂದರೆ ಚಿಕ್ಕಮ್ಮ ಇಲ್ಲಿ, ಅವ್ವನ ಅಳತೆಯ ಹಿಟ್ಟಿನ ಮುಂದೆ, ತಲೆ ತಗ್ಗಿಸಿ ಕೂತಿರಬೇಕು. ಒಂದು ದಿನ ಅವಳು ಹಿಟ್ಟು ಅಳೆಯಲು ಕೈ ಹಾಕಿದಳು, ಅವ್ವ ಡಬ್ಬಿಯನ್ನು ತನ್ನ ಕಡೆ ಸರಿಸಿಕೊಂಡಳು. ಅಷ್ಟೇ ಆದದ್ದು. ಚಿಕ್ಕಮ್ಮ ಎದ್ದು ಹಿತ್ತಲಿಗೆ ಹೋಗಿ, ತನ್ನ ತಣ್ಣನೆ ಒಲೆಯ ಪಕ್ಕ ತುಂಬ ಹೊತ್ತು ಕೂತಿದ್ದಳು. ಗೌರಿ ಹಬ್ಬ ಹಾಗೇ ಬಂದು ಹೋಯಿತು. ಬಳೆಯವನು ಬಂದಾಗ ಚಿಕ್ಕಮ್ಮ, ಈಗ ಬೇಡ, ದೀಪಾವಳಿ ಕಳೀಲಿ ಅಂದಳು.

ಮಳೆ ನಿಂತ ಮೇಲೆ, ಒಂದು ದಿನ ಅಪ್ಪ ಕಂಪನಿಯ ಕಾಗದಗಳನ್ನು ಹಿಡಿದು ರಾಮನಗರಕ್ಕೆ ಹೊರಟ. ಚಿಕ್ಕಮ್ಮನಿಗೂ ಅಲ್ಲಿಯ ಬ್ಯಾಂಕಿನಲ್ಲಿ ಕೆಲಸವಿತ್ತು, ಜೊತೆಗೆ ಬಂದಳು. ನಾನೂ ಇದ್ದೆ. ಇದ್ದೆ, ಇದು ಖಚಿತ, ಯಾಕೆಂದರೆ ಆಡಿಟರ ಮೆಟ್ಟಿಲಲ್ಲಿ ನನ್ನ ಚಪ್ಪಲಿ ಕಿತ್ತುಹೋಗಿ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿದ್ದೆ. ಅಪ್ಪ ಕಾಗದ ಕೊಟ್ಟ, ಆಡಿಟರು ನೋಡಿದರು, ಎಲ್ಲ ಸರಿಯಿದೆ ಅಂದರು. ಎದ್ದು ಹೊರಡುವಾಗ ಚಿಕ್ಕಮ್ಮ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಮುಂದೆ ಬಂದಳು.

"ಸಾಯೇಬ್ರು ಯಾವಾಗ ಬತ್ತಾರೆ ಸಾ, ಒಲೆ ನೋಡಾಕೆ?"

ಆಡಿಟರಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು, ಹುತ್ತದ ಮಣ್ಣಿನಿಂದ ಶುರು ಮಾಡಿ, ಗೌರಿ ಹಬ್ಬದವರೆಗೂ. ಅವರು ನಗಲಿಲ್ಲ, ಅದಕ್ಕೆ ನನಗೆ ಅವರ ಮೇಲೆ ಇಂದಿಗೂ ಗೌರವ. ಪೆನ್ನು ಕೆಳಗಿಟ್ಟರು.

"ಒಲೆ ನೋಡೋಕೆ ಯಾರೂ ಬರಲ್ಲಮ್ಮ. ಆಸ್ತಿ ಭಾಗ ಆಗಿಲ್ಲ ಅಂದ್ರೆ ಅಷ್ಟೇ ಸಾಕು. ನೀವು ಹಿತ್ತಲಲ್ಲಿ ಅಡುಗೆ ಮಾಡ್ಕೊಳ್ಳಿ, ಅವರು ಮಸ್ಕತ್‌ನಲ್ಲಿ ಮಾಡ್ಕೊಳ್ಳಲಿ. ಕಾನೂನಿಗೆ ನೀವು ಒಂದೇ ಮನೆ."

ಅವಳ ಮುಖದಲ್ಲಿ ಏನಿತ್ತು ಅಂತ ಹೇಳಲಾರೆ. ಖುಷಿ ಅಂತ ಬರೆಯಬಹುದು, ಬರೆದರೆ ಕಥೆಗೆ ಅನುಕೂಲ. ನನಗೆ ಕಂಡದ್ದು ಬಿಸಿಲಲ್ಲಿ ಬಹಳ ಹೊತ್ತು ನಿಂತವರಿಗೆ ನೆರಳಿಗೆ ಬಂದ ತಕ್ಷಣ ಬರುವ ಕುರುಡು.

ಬಸ್ಸಿನಲ್ಲಿ ಅವಳು ನಮ್ಮ ಹಿಂದಿನ ಸೀಟಿನಲ್ಲಿದ್ದಳು. ಬಸ್ಸು ಊರು ಬಿಟ್ಟು ಬಂಡೆಗಳ ಸಾಲು ಹಿಂದಾದ ಮೇಲೆ ಮುಂದಕ್ಕೆ ಬಾಗಿ ಅಪ್ಪನ ಕಿವಿಯ ಹತ್ತಿರ ಕೇಳಿದಳು.

"ಬಾವ, ನಿಮಗೆ ಮೊದ್ಲೇ ಗೊತ್ತಿತ್ತಾ?"

ಅಪ್ಪ, ನಂಗೇನವ್ವ ಗೊತ್ತು, ಕಾರ್ಡಿನೋನು ಬಂದಿದ್ನಲ್ಲ ಅಂತ ಅಂದ್ಕಂಡೆ ಅಂದ. ಧ್ವನಿ ಸಣ್ಣಗಿತ್ತು. ತಾತ ತೀರಿಕೊಳ್ಳುವಾಗ ತಮ್ಮನನ್ನು ಕೈಬಿಡಬೇಡ ಅಂತ ಅಪ್ಪನಿಗೆ ಹೇಳಿದ್ದನಂತೆ, ಒಲೆ ಬೇರೆಯಾದ ದಿನ ಅಪ್ಪ ಹೊಲದಲ್ಲೇ ಕೂತು ಮಧ್ಯಾಹ್ನದ ಊಟಕ್ಕೆ ಬಂದಿರಲಿಲ್ಲವಂತೆ. ಇವೆಲ್ಲ ಅವ್ವ ಹೇಳಿದ ಮಾತುಗಳು. ಇವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಆ ಸಣ್ಣ ಧ್ವನಿಗೆ ಒಂದು ಅರ್ಥ, ಇಡದೆ ನೋಡಿದರೆ ಇನ್ನೊಂದು. ಅದು ಬರೀ ಬಸ್ಸಿನ ಸದ್ದಿಗೂ ಸಣ್ಣಗೆ ಕೇಳಿಸಿರಬಹುದು.

ಮನೆಗೆ ಬಂದವಳೇ ಚಿಕ್ಕಮ್ಮ ಹಿತ್ತಲಿಗೆ ಹೋದಳು. ಒಲೆಯೊಳಗೆ ಹೇಂಟೆಯೊಂದು ಬೂದಿ ಕೆದರಿ ಗೂಡು ಮಾಡಿಕೊಂಡು ಕೂತಿತ್ತು. ಮಳೆಗೆ ಒಂದು ಪಕ್ಕ ನೆಂದು ಕುಸಿದಿತ್ತು. ಅವಳು ಕೋಳಿಯನ್ನು ಮೆತ್ತಗೆ ಎತ್ತಿ ಮಂಕರಿಗೆ ಹಾಕಿದಳು, ಮಣ್ಣು ಕಲಸಿದಳು, ಕುಸಿದ ಕಡೆ ಮೆತ್ತಿದಳು. ಒಣಗಲು ಬಿಟ್ಟು, ಆರಿದ ಮೇಲೆ ಸಾರಿಸಿ, ಒಂದು ಬೆಳಿಗ್ಗೆ ಹೊತ್ತಿಸಿದಳು. ಅಷ್ಟು ದಿನವೂ ಅವಳು ಹೋದರೆ ಸಾಕು ಅನ್ನುತ್ತಿದ್ದ ಅವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು.

"ನಿನ್ನ ಸೌದೆ ಹಸಿ ಐತೆ. ನಮ್ಮದು ಒಣಗಿರೋದು ತಕ್ಕೋ," ಅಂದಳು.

"ಇರ್ಲಿ ಬುಡಕ್ಕ. ಹತ್ಕತದೆ," ಅಂದಳು ಚಿಕ್ಕಮ್ಮ.

ಹತ್ತಿಕೊಳ್ಳಲು ತುಂಬ ಹೊತ್ತು ಹಿಡಿಯಿತು. ಅವ್ವ ಅಲ್ಲಿಂದ ಕದಲಲಿಲ್ಲ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಲೇ ಇದ್ದಳು. ಆ ಮನುಷ್ಯ, ಖಾಲಿ ಮುಖದವನು, ಸಾಯಲಿಲ್ಲ. ಎರಡು ಒಲೆಯ ನಡುವೆ ಎಲ್ಲೋ ಇದ್ದುಕೊಂಡು ವರ್ಷ ವರ್ಷ ತನ್ನ ತೆರಿಗೆ ಕಟ್ಟುತ್ತಾ ಬಂದ. ನಾನು ಮದುವೆಯಾಗಿ ಕನಕಪುರಕ್ಕೆ ಬಂದೆ, ಈಗ ನನ್ನದೇ ಸಂಬಳ, ನನ್ನದೇ ಮೆಟ್ಟಿಲು. ತೆರಿಗೆಯ ಫಾರಮ್ಮಿನಲ್ಲಿ ನಿವಾಸಿಯೋ ಅನಿವಾಸಿಯೋ ಎಂದು ಕೇಳುವ ಜಾಗಕ್ಕೆ ಬಂದಾಗಲೆಲ್ಲ ಒಂದು ಗಳಿಗೆ ಕೈ ನಿಲ್ಲುತ್ತದೆ.

ಚಿಕ್ಕಪ್ಪ ದೀಪಾವಳಿ ಕಳೆದ ಮೇಲೆ ಬಂದ. ಬಂದ ದಿನ ನನಗೆ ಪರೀಕ್ಷೆ, ನಾನು ಮನೆಯಲ್ಲಿರಲಿಲ್ಲ. ಅವನು ಮೊದಲ ಊಟ ತನ್ನ ಒಲೆಯದೇ ಉಂಡ ಅಂತ ಚಿಕ್ಕಮ್ಮ ಹೇಳುತ್ತಾಳೆ, ನಮ್ಮಲ್ಲೇ ಎಲ್ಲರ ಸಾಲಿನಲ್ಲಿ ಕೂತು ಉಂಡ ಅಂತ ಅವ್ವ ಹೇಳುತ್ತಾಳೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಚಿಕ್ಕಪ್ಪನನ್ನು ಕೇಳಿದರೆ, ಸುಸ್ತಾಗಿತ್ತು ಕಣವ್ವ, ಮುಂದಿಟ್ಟದ್ದು ಉಂಡೆ ಅನ್ನುತ್ತಾನೆ. ಯಾವ ಒಲೆಯದು ಅಂತ ನನಗೆ ಗೊತ್ತಿಲ್ಲ.